ಬರಿಗೈಲಿ ಹೊಳೆದಂಡೆಗೆ

ಆ ದಿನ ಬೆಳಿಗ್ಗೆ ನಾನು ಮಾಡಿದ ಕೆಲಸಗಳು ಇಷ್ಟು. ಅಂಗಳಕ್ಕೆ ಸಗಣಿ ನೀರು ಚಿಮುಕಿಸಿದೆ. ಎಮ್ಮೆ ಹಿಂಡಿದೆ, ಕರುವಿನ ಪಾಲು ಕರುವಿಗೆ ಬಿಟ್ಟೆ. ಮೊಸರು ಕಡೆದೆ. ರೊಟ್ಟಿ ಬಡಿದು ಮಾವನವರಿಗೂ ನನ್ನ ಗಂಡನಿಗೂ ಬುಟ್ಟಿಯಲ್ಲಿ ಮುಚ್ಚಿಟ್ಟೆ. ಮಕ್ಕಳಿಬ್ಬರಿಗೆ ತಲೆಗೆ ಎರೆದು, ಅವರ ಜಗಳ ಬಿಡಿಸಿ, ನೆರೆಮನೆಗೆ ಒಪ್ಪಿಸಿದೆ. ಅತ್ತೆಯವರ ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕಿದೆ. ಆಮೇಲೆ ಅತ್ತೆಯವರೂ ನಾನೂ ಹೊಳೆ ದಾಟಲು ಹೊರಟೆವು.

ಹೊಳೆ ಎಂದರೆ ಕೃಷ್ಣೆ. ನಮ್ಮೂರು ಅಂಕಲಿಯ ಹತ್ತಿರ. ಅತ್ತೆಯವರ ತಂಗಿಯ ಊರು ಆಚೆ ದಂಡೆಗೆ, ಶೇಡಬಾಳದ ಕಡೆ. ಮೊದಲಾದರೆ ಅತ್ತೆ ಉಂಡು ಹೊರಟು ಸಂಜೆ ಚಹಾಕ್ಕೆ ಮನೆಗೆ ಬರುತ್ತಿದ್ದರು. ಆ ವರ್ಷ ಮಾತ್ರ, ಎಂಬತ್ತರ ದಶಕದ ಕೊನೆಯ ಮಾತು ಇದು, ಅಲ್ಲಿಗೆ ಹೋಗಲಿಕ್ಕೆ ಒಂದು ಬೇಸಿಗೆಯೇ ಹಿಡಿಯಿತು.

ಸಂಕ್ರಾಂತಿಯ ಹಿಂದುಮುಂದೆ ಅವರು ಕೊಟ್ಟಿಗೆಯ ಹಸಿ ಹಾಸುಗಲ್ಲಿನ ಮೇಲೆ ಜಾರಿ ಬಿದ್ದರು. ಮಿರಜಿನ ದವಾಖಾನೆಯಲ್ಲಿ ತೊಡೆಯವರೆಗೆ ಪ್ಲಾಸ್ಟರ್ ಹಾಕಿ ಕಳಿಸಿದರು. ಅವರು ಹಾಗೆ ಮಂಚದ ಮೇಲಿರುವಾಗಲೇ ತಂಗಿಯ ಗಂಡ ತೀರಿಕೊಂಡರು. ಮಾವನವರು, ನನ್ನ ಗಂಡ, ನಾನು ಹೋಗಿ ಮಾತಾಡಿಸಿ ಬಂದೆವು. ಒಡಹುಟ್ಟಿದ ಅಕ್ಕನಿಗೇ ಹೋಗಲಾಗಲಿಲ್ಲ. ಅವತ್ತಿನಿಂದ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗುವುದನ್ನು ರೂಢಿ ಮಾಡಿಕೊಂಡರು.

ಪ್ಲಾಸ್ಟರ್ ಬಿಚ್ಚಿದಾಗ ಕಾಲು ಮಡಚಲೇ ಇಲ್ಲ. ಮಿರಜಿನ ಡಾಕ್ಟರು ಮರಾಠಿಯವರು. “ಚಾಲಾ ಆಜಿ, ರೋಜ ಚಾಲಾ,” ಎಂದರು. ದಿನಾ ನಡೆಯಿರಿ, ಇಲ್ಲದಿದ್ದರೆ ಕಾಲು ಹೀಗೇ ಕಟ್ಟಿಗೆಯಾಗುತ್ತದೆ ಎಂದು ನನಗೂ ಬಿಡಿಸಿ ಹೇಳಿದರು.

ನನ್ನ ಗಂಡ ಅವಸರದವರು. “ಯವ್ವಾ, ನಡ್ಯೂದು ಆಮ್ಯಾಲಾಗಲಿ. ಟ್ರ್ಯಾಕ್ಟರ್ ಐತಿ, ಹೊಳಿ ದಾಟೂ ಪೂಲಿನ ಮ್ಯಾಲಿಂದ ನಾಳೆನ ಚಿಗವ್ವನ ಮನೀಗಿ ಕರಕೊಂಡ ಹೋಗ್ತೀನಿ,” ಎಂದರು.

“ಹೋಗಿ ಎಲ್ಲಿ ಕುಂದರ್ಲಿ?” ಎಂದರು ಅತ್ತೆ. “ಆಕಿ ನೆಲದ ಮ್ಯಾಲ ಕುಂತ ಅಳೂದು, ನಾ ಖುರ್ಚಿ ಮ್ಯಾಲ ಕಾಲ ಚಾಚಿ ಸಾಹೇಬರಂಗ ಸಮಾಧಾನ ಹೇಳೂದು? ಆಕಿ ಮಗ್ಗಲದಾಗ ನೆಲಕ್ಕ ಕುಂದರಾಕ ಬಂದ ದಿನಾ ಹೋಗ್ತೀನಿ.”

ಹಾಗಾಗಿ ನಡೆಯಲೇಬೇಕಾಯಿತು. ಆದರೆ ನಡೆಯುವುದಾದರೂ ಹೇಗೆ? ನಮ್ಮ ಕಡೆ ಹೆಂಗಸರು ಸುಮ್ಮನೆ ನಡೆಯುವುದೆಂಬುದೇ ಇರಲಿಲ್ಲ. ಊರ ಹೊರಗೆ ಕಾಲಿಟ್ಟರೆ ತಲೆಯ ಮೇಲೆ ಬುತ್ತಿ, ಇಲ್ಲವೇ ಕೈಯಲ್ಲಿ ಕುಡುಗೋಲು, ಅದೂ ಇಲ್ಲವೆಂದರೆ ಒಗೆಯುವ ಬಟ್ಟೆಯ ಗಂಟಾದರೂ ಇರಬೇಕು. ಬರಿಗೈಲಿ ಹೋಗಿ ಬರಿಗೈಲಿ ಬಂದವಳಿಗೆ ಮನೆಯಲ್ಲಿ ಕೆಲಸವಿಲ್ಲ, ಇಲ್ಲವೇ ಮನೆಯಲ್ಲಿ ಜಗಳವಾಗಿದೆ ಎಂದೇ ಊರು ತಿಳಿಯುತ್ತಿತ್ತು. ಅದಕ್ಕೆ ಅತ್ತೆಯೇ ಉಪಾಯ ಹುಡುಕಿದರು. ಹೊಳೆಯ ದಂಡೆಗೆ ದೊಡ್ಡ ಜಾಲಿ ಬನವಿತ್ತು. ಬಿಸಿಲಿಗೆ ಜಾಲಿಯ ತೊಗಟೆಯಿಂದ ಅಂಟು ಒಸರಿ ಗಟ್ಟಿಯಾಗುತ್ತದೆ. ಒಂದು ಸಣ್ಣ ಬುಟ್ಟಿ ಹಿಡಿದು ಅಂಟು ಆರಿಸಲು ಹೋಗುವುದು. ಯಾರು ಏನು ಕೇಳುತ್ತಾರೆ?

ಬಿಸಿಲು ಇಳಿದ ಮೇಲೆ ಹೊರಡುತ್ತಿದ್ದೆವು. ಕಬ್ಬಿನ ಗದ್ದೆಗಳ ನಡುವಿನ ಬಂಡಿ ದಾರಿ ಸಮ, ಏರಿಲ್ಲ, ಇಳಿವಿಲ್ಲ. ನೀರು ಬಿಟ್ಟ ಹೊಲದ ಪಕ್ಕ ಬಂದಾಗ ಕಾಲಿಗೆ ತಂಪು ತಾಗುತ್ತಿತ್ತು. ಹೊಳೆಯ ಪಂಪಿನ ಸದ್ದು ಮೊದಲು ಕೇಳುತ್ತದೆ, ಆಮೇಲೆ ಜಾಲಿಯ ತಲೆಗಳು ಕಾಣುತ್ತವೆ, ಕೊನೆಗೆ ನೀರು. ಬನದೊಳಗೆ ಕುರುಬರ ಮುದುಕನೊಬ್ಬ ಆಡು ಮೇಯಿಸುತ್ತಿದ್ದ. ಆಡುಗಳು ಉದುರಿದ ಜಾಲಿಕಾಯಿಯನ್ನು ಕಟಕಟ ಕಡಿಯುವ ಸದ್ದು, ದೂರದ ಪಂಪು ಬಿಟ್ಟರೆ ಅಲ್ಲಿ ಬೇರೆ ಸದ್ದಿಲ್ಲ. ನೀರಿನ ಮೇಲೆ ಬಾಗಿದ ಕೊಂಬೆಗಳಲ್ಲಿ ಹೋದ ವರ್ಷದ ಗೀಜಗನ ಗೂಡುಗಳು ಒಣಗಿ ತೂಗುತ್ತಿದ್ದವು. ಈಗ ಆ ಬನವಿಲ್ಲ. ನೀರಿನ ಅಂಚಿನವರೆಗೂ ಕಬ್ಬೇ ಇದೆ. ಆ ದಾರಿಯಲ್ಲಿ ಹೋದರೆ ಕಾಲು ಮಾತ್ರ ಜಾಲಿಮುಳ್ಳಿಗೆ ಹೆದರಿ ಇನ್ನೂ ನೋಡಿ ನೋಡಿ ಊರುತ್ತದೆ.

ಅತ್ತೆಗೆ ಬನದಲ್ಲಿ ಮೊದಲು ಸಿಕ್ಕ ಕುರ್ಚಿ ಒಂದು ಉರುಳಿದ ಮರದ ಬೊಡ್ಡೆ. ಅದರ ಮೇಲೆ ಕೂತು ಕಾಲು ಚಾಚುತ್ತಿದ್ದರು. ಕೆಲವು ದಿನಗಳಾದ ಮೇಲೆ ಅದಕ್ಕಿಂತ ತಗ್ಗಿನ ಒಂದು ಬೇರು ಗೊತ್ತುಮಾಡಿಕೊಂಡರು. ಒಮ್ಮೆ ಹಟ ಮಾಡಿ ಮರಳಿನ ಮೇಲೆಯೇ ಕೂತುಬಿಟ್ಟರು. ಕೂತದ್ದು ಸರಿ, ಏಳಲು ಆಗಲಿಲ್ಲ. ನಾನು ಕಂಕುಳಿಗೆ ಕೈ ಹಾಕಿ ಎತ್ತುವಾಗ ಮುದುಕ ಮರ್ಯಾದೆಯಿಂದ ಆಚೆ ಮುಖ ತಿರುಗಿಸಿ ನಿಂತ.

“ನಕ್ಕರ ನಗೋ ಮಾರಾಯಾ,” ಎಂದರು ಅತ್ತೆ, “ಮಾರಿ ಯಾಕ ತಿರಗಿಸ್ತಿ?”

“ನಗಾಕತ್ತೀನ್ರಿ ಯವ್ವಾ, ನಿಮಗ ಕಾಣಬಾರದಂತ ತಿರಗೀನಿ.”

ಅಂಟು ಒಂದು ಡಬ್ಬಿ ತುಂಬಿತು. ಊರಿನ ಲೆಕ್ಕ ಆಗ ಬೇರೆಯೇ ನಡೆದಿತ್ತು ಎಂಬುದು ನಮಗೆ ತಿಳಿಯಲಿಲ್ಲ. ಅಂಟು ಕೂಡಿಸುವುದು ಯಾತಕ್ಕೆ? ಅಂಟಿನ ಉಂಡಿ ಕಟ್ಟಲಿಕ್ಕೆ. ಅಂಟಿನ ಉಂಡಿ ಯಾರಿಗೆ? ಬಾಣಂತಿಗೆ. ಕಾಲು ನೋವಿದ್ದರೂ ಅತ್ತೆ ಸೊಸೆಯನ್ನು ಕರೆದುಕೊಂಡು ದಿನಾ ಅಂಟಿಗೆ ಹೋಗುತ್ತಾಳೆಂದರೆ ಸೊಸೆಗೆ ಮೂರನೆಯದು ನಿಂತಿದೆ. ಹಿಟ್ಟಿನ ಗಿರಣಿಯಲ್ಲಿ ಒಬ್ಬರು ನನ್ನ ಜೋಳದ ಡಬ್ಬಿ ಇಳಿಸಿಕೊಂಡು “ಭಾರ ಎತ್ತಬ್ಯಾಡಬೇ” ಎಂದರು. ಒಳ್ಳೆಯ ಮನಸ್ಸಿನವರು ಎಂದುಕೊಂಡೆ.

ಸುದ್ದಿ ನನ್ನ ತವರು ರಾಯಬಾಗದವರೆಗೂ ನಡೆದು ಹೋಯಿತು. ಒಂದು ಮಧ್ಯಾಹ್ನ ನನ್ನವ್ವ ಬಸ್ಸಿಳಿದು ಬಂದಳು. ಚೀಲದಲ್ಲಿ ಒಣಕೊಬ್ಬರಿ, ಉತ್ತತ್ತಿ, ಬೆಲ್ಲ. ನೀರು ಕೂಡ ಕುಡಿಯದೆ ಕೇಳಿದಳು.

“ಊರಿಗೆಲ್ಲಾ ಗೊತ್ತೈತಿ, ಹಡದಾಕಿಗೆ ಒಂದ ಮಾತ ಹೇಳಬಾರದೇನಬೇ?”

“ಏನು ಹೇಳಬೇಕಿತ್ತ?” ಎಂದೆ ನಾನು.

ಅವಳು ನನ್ನ ಹೊಟ್ಟೆ ನೋಡಿದಳು. ನಾನು ಅವಳ ಚೀಲ ನೋಡಿದೆ. ಮಾವನವರು ಪಡಸಾಲೆಯಿಂದ ಎದ್ದು, ದನಕ್ಕೆ ನೀರು ಕುಡಿಸಬೇಕು ಎಂದು ಹೊರಗೆ ಹೋದರು. ದನಕ್ಕೆ ಆಗಲೇ ಕುಡಿಸಿಯಾಗಿತ್ತು.

ನಿಜ ಬಯಲಾದ ಮೇಲೆ ಮನೆಯವರೆಲ್ಲ ನಕ್ಕರು, ಅತ್ತೆ ಮಾತ್ರ ನಗಲಿಲ್ಲ. “ನನ್ನ ಕಾಲ ಸಂಬಂಧ ಹುಡುಗಿ ಹೆಸರ ಗಿರಣಿಗಿ ಹೋತಲ್ಲ,” ಎಂದು ಆ ರಾತ್ರಿ ಊಟದಲ್ಲಿ ಒಮ್ಮೆ ಅಂದರು, ಅಷ್ಟೇ. ಮರುದಿನ ಸಂಜೆ ಬುಟ್ಟಿಯನ್ನು ಗೂಟಕ್ಕೇ ಬಿಟ್ಟು ಹೊರಟರು. ಊರ ಅಗಸಿ ಬಾಗಿಲ ಹತ್ತಿರದ ಮನೆಯ ಕಟ್ಟೆಯ ಮೇಲೆ ಅವರ ಓರಿಗೆಯವರೊಬ್ಬರು ಕೂತಿದ್ದರು. ಅವರಿಂದ ಒಂದು ಪ್ರಶ್ನೆ ಕೇಳಿಸಿಕೊಳ್ಳದೆ ಯಾರೂ ಆ ಮನೆ ದಾಟುವ ಹಾಗಿರಲಿಲ್ಲ.

“ಬುಟ್ಟಿ ಎಲ್ಲಿ? ಅಂಟ ಸಾಕಾತೇನು?”

“ಅಂಟಿಗಿ ಹೊಂಟಿಲ್ಲ. ಅಂದೂ ಅಂಟಿಗಿ ಹೊಂಟಿರಲಿಲ್ಲ. ಕಾಲ ಮಡಚವಲ್ದು. ನಡ್ಯಾಕ ಹೊಂಟೀನಿ.”

“ಎಲ್ಲೀಮಟಾ?”

“ಹೊಳೀಮಟಾ ಹೋಗೂದು, ತಿರಗಿ ಬರೂದು.”

“ಸುಮ್ನ?”

“ಸುಮ್ನ.”

ಅವರು ಕಟ್ಟೆ ಬಿಟ್ಟು ಎದ್ದರು. “ಅದನ್ನ ಮೊದಲ ಹೇಳಬಾರದಾ? ನನ್ನ ಸೊಂಟಾನೂ ಹಿಡಕೊಂಡ ಕುಂತೈತಿ. ತಡೀರಿ, ಕದಾ ಮುಂದ ಮಾಡಿ ಬರ್ತೀನಿ.”

ಅಂದಿನಿಂದ ನಾವು ಮೂವರಾದೆವು. ಅವ್ವ ತಂದ ಸಾಮಾನು ಹಿಂದಕ್ಕೆ ಒಯ್ಯಲು ಒಪ್ಪಲಿಲ್ಲವಾದ್ದರಿಂದ ಉಂಡಿ ಕಟ್ಟಿಯೇ ಹೋದಳು. ದಿನಾ ಬೆಳಿಗ್ಗೆ ಅತ್ತೆ ಒಂದೊಂದು ತಿಂದರು. ಎಲುಬಿಗೆ ಒಳ್ಳೆಯದೆಂದು ಮಾವನವರೂ ಕೈ ಹಾಕಿದರು.

ಮೃಗಶಿರ ಮಳೆಯ ಮೊದಲ ಮೋಡ ಕಾಣಿಸುವ ಹೊತ್ತಿಗೆ ಅತ್ತೆ ಮರಳಿನ ಮೇಲೆ ಕೂತು, ನನ್ನ ಕೈ ಹಿಡಿಯದೆ ಎದ್ದರು. “ನಾಳೆ ಹೋಗೂನು,” ಎಂದರು.

ನಾನು ಮೊದಲು ಹೇಳಿದ ಬೆಳಿಗ್ಗೆ, ಹೀಗೆ ನಾವು ಹೊರಟ ದಿನದ್ದು. ದೋಣಿಗೆ ಇಳಿಯುವ ಮಣ್ಣಿನ ದಂಡೆಯಲ್ಲಿ ಅತ್ತೆ ಒಂದೊಂದೇ ಹೆಜ್ಜೆ ಊರಿ ಇಳಿದರು. ಅಂಬಿಗ ಕೈ ಚಾಚಿದ. “ಕೈ ಹಂಗ ಇರಲಿ, ಹಿಡೀಬ್ಯಾಡ. ಬಿದ್ದರ ಹಿಡಿ,” ಎಂದರು. ಬೀಳಲಿಲ್ಲ. ಆಚೆ ದಂಡೆಯಿಂದ ದ್ರಾಕ್ಷಿ ತೋಟದ ಬೇಲಿಗುಂಟ ಕಾಲುದಾರಿ. ಎರಡು ಕಡೆ ನಿಂತು ಉಸಿರು ತಗೊಂಡರು.

ಚಿಗವ್ವ ಒಳಮನೆಯ ಗೋಡೆಗೆ ಒರಗಿ ಕೂತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಅವರ ಸೊಸೆ ಬಾಗಿಲಲ್ಲೇ ನನ್ನ ಕಿವಿಯಲ್ಲಿ, “ಉಣ್ಣೂದಿಲ್ರಿ, ಮಲಗೂದೂ ಇಲ್ಲ,” ಎಂದಳು. ಒಬ್ಬರು ಕುರ್ಚಿ ತಂದಿಟ್ಟರು. ಅತ್ತೆ ಅದನ್ನು ಒಂದು ಕೈಯಿಂದ ಸರಿಸಿ, ಕಂಬ ಹಿಡಿದು, ನಿಧಾನಕ್ಕೆ ತಂಗಿಯ ಮಗ್ಗುಲಲ್ಲಿ ನೆಲಕ್ಕೆ ಕೂತರು.

ಚಿಗವ್ವ ಅಕ್ಕನ ಮೊಣಕಾಲು ಮುಟ್ಟಿ ನೋಡಿದರು. “ಮಡಚತೈತಿ?”

“ಇಷ್ಟ ಮಡಚತೈತಿ.”

“ನೀ ಬರೂದಿಲ್ಲಂತ ಮಾಡಿದ್ನಿ.”

“ನಡಕೋತ ಬಂದೀನಲ್ಲ, ತಡಾ ಆತು.”

ಆಮೇಲೆ ಇಬ್ಬರೂ ಅತ್ತರು. ನಾನು ಅಡುಗೆಮನೆಗೆ ಹೋಗಿ ಹಿಟ್ಟು ನಾದಿದೆ.

ಆ ರಾತ್ರಿ ಜೋಳದ ರೊಟ್ಟಿ, ಜುಣಕ, ಉಳ್ಳಾಗಡ್ಡಿ, ಮಜ್ಜಿಗೆ ಉಂಡೆವು. ಚಿಗವ್ವ ಒಂದು ರೊಟ್ಟಿ ಪೂರಾ ಮುಗಿಸಿದರು. ಅಕ್ಕತಂಗಿಯರಿಗೆ ನೆಲದ ಮೇಲೆ ಒಂದೇ ಜಮಖಾನೆ ಹಾಸಿದೆವು. ಅತ್ತೆ ಆಡು ಕಾಯುವ ಮುದುಕ ಮುಖ ತಿರುಗಿಸಿ ನಕ್ಕದ್ದನ್ನು ತಂಗಿಗೆ ಹೇಳುತ್ತಿದ್ದರು. ಹೇಳಿ ಮುಗಿಯುವ ಮೊದಲೇ ಚಿಗವ್ವನ ಉಸಿರು ಭಾರವಾಯಿತು. ಅತ್ತೆ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟು, ದೀಪ ಸಣ್ಣ ಮಾಡು ಎಂದು ಕೈಸನ್ನೆ ಮಾಡಿದರು.