ಜಯನಗರದ ಗೂಬೆಗೆ ಸಿಕ್ಕ ನ್ಯಾಯ

ಗೆಳೆಯರೇ, ಇಂದು ಪಕ್ಷಿವೀಕ್ಷಣೆಗೆ ಹದಿನೈದು ಮಂದಿಯನ್ನು ಕರೆದೊಯ್ಯುತ್ತಿದ್ದಾಗ, ಜಯನಗರದ ನಿವೃತ್ತ ಇಂಜಿನಿಯರ್ ಒಬ್ಬರು ಕೋಲು ಹಿಡಿದು ಏಣಿ ಹತ್ತುತ್ತಿದ್ದರು. ಅವರ ಮನೆಯ ಕಿಟಕಿಯ ಸಜ್ಜದ ಮೇಲೆ ಗೂಬೆಯೊಂದು ಮರಿ ಮಾಡಿತ್ತು.

“ಅಂಕಲ್, ದಯವಿಟ್ಟು ಓಡಿಸ್ಬೇಡಿ.”

“ಗೂಬೆ ಮನೆಗೆ ಅಪಶಕುನ ಕಣಮ್ಮ! ಮೊದಲೇ ಇಲಿ ಕಾಟ, ಕಾರಿನ ವೈರೆಲ್ಲಾ ಕಡಿದು ಹಾಕಿವೆ.”

ನಾನು ಏಣಿಯ ಬುಡದಲ್ಲಿ ಬಗ್ಗಿ ಹುಡುಕಿದೆ. ಗೂಬೆ ಜೀರ್ಣವಾಗದ ಮೂಳೆ-ಕೂದಲನ್ನು ಕಕ್ಕಿ ಕೆಳಗೆ ಬೀಳಿಸಿದ್ದ ಒಣ ಉಂಡೆಯೊಂದನ್ನು ಹೇರ್‌ಪಿನ್ನಿನಿಂದ ಬಿಡಿಸಿದೆ. ಒಳಗಿಂದ ಮೂರು ಇಲಿಗಳ ತಲೆಬುರುಡೆಗಳು ಹೊರಬಂದವು.

“ನೋಡಿ ಅಂಕಲ್, ನಿಮ್ಮ ವೈರ್ ಕಡಿದವರು.”

ಅವರು ಏಣಿ ಇಳಿದು, ಕೋಲನ್ನು ಬದಿಗಿಟ್ಟು, ಮೆಲ್ಲಗೆ ಕೇಳಿದರು: “ಮಗಳು ಬಿಟಿಎಂ ಲೇಔಟ್‌ನಲ್ಲಿದ್ದಾಳೆ. ಅವಳ ಮನೆಗೂ ಒಂದು ಜೋಡಿ ಕಳಿಸೋಕಾಗುತ್ತಾ?”

ಹದಿನೈದು ಮಂದಿಯೂ ಚಪ್ಪಾಳೆ ತಟ್ಟಿದರು. ಪ್ರಾಣಿಶಾಸ್ತ್ರದಲ್ಲಿ ಪ್ರಥಮ ರ‍್ಯಾಂಕ್ ಪಡೆದ ದಿನವೂ ನನಗೆ ಅಷ್ಟು ಚಪ್ಪಾಳೆ ಸಿಕ್ಕಿರಲಿಲ್ಲ. ಗೂಬೆಯಂತೂ ಇದಕ್ಕೆಲ್ಲ ಕಣ್ಣನ್ನೂ ತೆರೆಯಲಿಲ್ಲ.