ಯೇಸಪ್ಪ ಹೇಳ್ಯಾನ

ಜೇವರ್ಗಿಯ ಕೃಪಾಬಾಯಿಗೆ ಯೇಸುಸ್ವಾಮಿ ಎಲ್ಲದಕ್ಕೂ ದಾರಿ ತೋರಿಸುತ್ತಾನೆ. ಸಂತೆಯಲ್ಲಿ ಎಳೆ ಬದನೆಕಾಯಿ ತೋರಿಸುತ್ತಾನೆ, ಬಸ್ಸಿನಲ್ಲಿ ಕಿಟಕಿ ಸೀಟು ತೋರಿಸುತ್ತಾನೆ, ಪ್ರಸಂಗ ಉದ್ದವಾದರೆ ಚರ್ಚಿನ ಹಿಂಬಾಗಿಲನ್ನೂ ತೋರಿಸುತ್ತಾನೆ. "ಮಧ್ಯಾಹ್ನ ಮಲಕೋ ಅಂತ ಯೇಸಪ್ಪ ಹೇಳ್ಯಾನ" ಎಂದರೆ ಗಂಡ ಸಮಾಧಾನಪ್ಪ ತನ್ನ ಚಹಾ ತಾನೇ ಕಾಸಿಕೊಳ್ಳಬೇಕು. ಈ ಕ್ರಿಸ್‌ಮಸ್ಸಿಗೆ ಓಣಿಗೆಲ್ಲ ಶೇಂಗಾ ಹೋಳಿಗೆ ಹಂಚಿದವಳು ಎದುರುಮನೆಯ ಶಮ್ಸುನ್ನಿಸಾಳನ್ನು ಮಾತ್ರ ಬಿಟ್ಟಿದ್ದಳು. ಆಕೆಯ ಆಡು ಇವಳ ಭಾನುವಾರದ ಸೀರೆಯ ಸೆರಗು ಮೇದಂದಿನಿಂದ ಇಬ್ಬರಿಗೂ ಮಾತಿಲ್ಲ. ಸಂಜೆ ಇದ್ದಕ್ಕಿದ್ದಂತೆ ಹೋಳಿಗೆ ತಟ್ಟೆ ಹಿಡಿದು ಎದುರುಮನೆಗೆಂದು ಎದ್ದಳು. "ಇದನ್ನೂ ಯೇಸಪ್ಪನೇ ಹೇಳಿದನೇನು?" ಎಂದು ಸಮಾಧಾನಪ್ಪ ಕೆಣಕಿದ. "ಹೌದ್ರಿ. ಇಷ್ಟ ದಿನದ್ದು ನಾನೇ ಹೇಳಿಕೊಂಡಿರಬೇಕು. ಇದು ನನಗ ಒಟ್ಟ ಬ್ಯಾಡಾಗಿತ್ತು ನೋಡ್ರಿ, ಅದಕ್ಕ ಅಂವನ ದನಿ ಅಂತ ಗುರ್ತು ಹತ್ತಿತು" ಎಂದವಳು ಚಪ್ಪಲಿ ಮರೆತು ಓಣಿ ದಾಟಿದಳು.