ಕ್ಸೆನಾನ್ ಉತ್ತರಕ್ಕೆ ಬಿದ್ದ ಸೊನ್ನೆ

ಮುಳಬಾಗಿಲಿನ ಜೂನಿಯರ್ ಕಾಲೇಜಿಗೆ ನಾನು ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ತಾತ್ಕಾಲಿಕ ನೇಮಕ. ಪ್ರತಿ ಜೂನ್‌ನಲ್ಲಿ ಪ್ರಿನ್ಸಿಪಾಲರು ‘ಇವರ ಸೇವೆ ತೃಪ್ತಿಕರ’ ಎಂದು ಒಂದು ಕಾಗದ ಬರೆದರೆ ಇನ್ನೊಂದು ವರ್ಷ ಇರಬಹುದು, ಬರೆಯದಿದ್ದರೆ ಕೋಲಾರದ ಮನೆಯಲ್ಲೇ ಕೂರಬೇಕು. ದಿನಾ ಬೆಳಗ್ಗೆ ಕೋಲಾರದಿಂದ ಬಸ್ಸು, ಸಂಜೆ ಮತ್ತೆ ಬಸ್ಸು. ಸೀಟು ಸಿಕ್ಕಿದ ದಿನ ನೋಟ್ಸ್ ತಿರುವಿ ಹಾಕುತ್ತಿದ್ದೆ. ಆಗ ನನಗೆ ಪಾಠ ಮಾಡುವುದೆಂದರೆ ಬಹಳ ಆಸೆ.

ಆ ಕಾಲದ ಪಠ್ಯಪುಸ್ತಕದಲ್ಲಿ ಹೀಲಿಯಂನಿಂದ ರೇಡಾನ್‌ವರೆಗೆ ಆರು ಅನಿಲಗಳಿಗೂ ಸೇರಿ ಒಂದೂವರೆ ಪುಟ ಕೊಟ್ಟಿದ್ದರು. ತಲೆಬರಹ ‘ಜಡಾನಿಲಗಳು’. ಇವುಗಳ ಹೊರಕವಚದಲ್ಲಿ ಎಲೆಕ್ಟ್ರಾನುಗಳು ತುಂಬಿರುವುದರಿಂದ ಇವು ಯಾವ ಧಾತುವಿನೊಂದಿಗೂ ಸೇರಿ ಸಂಯುಕ್ತವಾಗುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಅದು ತಪ್ಪೆಂದು ನನಗೆ ಗೊತ್ತಿತ್ತು. ನಾನು ಇನ್ನೂ ಶಾಲೆಯಲ್ಲಿದ್ದಾಗಲೇ ಕ್ಸೆನಾನ್ ಅನಿಲ ಫ್ಲೋರಿನ್‌ನ ಜೊತೆ ಸೇರುತ್ತದೆ, ಆಮೇಲೆ ಆಕ್ಸಿಜನ್ ಜೊತೆಗೂ ಸೇರುತ್ತದೆ ಎಂದು ಜಗತ್ತಿಗೆ ಗೊತ್ತಾಗಿಹೋಗಿತ್ತು. ಎಂ.ಎಸ್ಸಿ. ತರಗತಿಯಲ್ಲಿ ನಮ್ಮ ಮೇಷ್ಟ್ರು ಒಂದು ಮಧ್ಯಾಹ್ನ ಕಪ್ಪುಹಲಗೆಯ ಮೇಲೆ ಕ್ಸೆನಾನ್ ಟ್ರೈಆಕ್ಸೈಡಿನ ಚಿತ್ರ ಬರೆದು, “ಜಡಾನಿಲ ಸೇರೋದಿಲ್ಲ ಅಂತ ನಾನೇ ಎಷ್ಟೋ ವರ್ಷ ಪಾಠ ಮಾಡಿದೀನಿ. ತಪ್ಪು ಮಾಡಿದೆ” ಅಂದಿದ್ದರು. ಒಬ್ಬ ಮೇಷ್ಟ್ರು ತನ್ನ ತಪ್ಪನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಾನೂ ಇಂಥ ಮೇಷ್ಟ್ರಾಗಬೇಕು ಅಂದುಕೊಂಡೆ. ಅಂದುಕೊಳ್ಳುವುದಕ್ಕೆ ಏನೂ ಕಷ್ಟವಿರಲಿಲ್ಲ.

ಮುಳಬಾಗಿಲಿನ ಲ್ಯಾಬಿನಲ್ಲಿ ಕ್ಸೆನಾನ್ ಇರಲಿ, ಎಷ್ಟೋ ದಿನ ನಲ್ಲಿಯಲ್ಲಿ ನೀರೂ ಇರುತ್ತಿರಲಿಲ್ಲ. ಆದರೂ ಆ ಪಾಠ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ಕ್ಸೆನಾನ್ ಹೆಕ್ಸಾಫ್ಲೋರೈಡನ್ನು ನೀರಿಗೆ ಹಾಕಿದರೆ ಟ್ರೈಆಕ್ಸೈಡ್ ಆಗುತ್ತದೆ, ನೀರಿನಲ್ಲಿ ಕರಗಿರುವಷ್ಟು ಹೊತ್ತು ಅದು ಸುಮ್ಮನಿರುತ್ತದೆ, ಒಣಗಿದ ಹರಳಾದರೆ ಮುಟ್ಟಿದ್ದಕ್ಕೇ ಸಿಡಿಯಬಹುದು ಎಂದೆಲ್ಲ ಹೇಳಿದೆ. ಟೆಟ್ರಾಕ್ಸೈಡ್ ಎಂಬುದು ಇನ್ನೂ ಮುಂಗೋಪಿ, ಬಹಳ ತಣ್ಣಗಿಡದಿದ್ದರೆ ಉಳಿಯುವುದಿಲ್ಲ ಎಂದೆ. ಹುಡುಗರು ಪರೀಕ್ಷೆಗೆ ಬರುತ್ತದೋ ಇಲ್ಲವೋ ಎಂದು ಮುಖ ಮುಖ ನೋಡಿಕೊಂಡು ಪೆನ್ನು ಕೆಳಗಿಟ್ಟರು. ಒಬ್ಬಳು ಮಾತ್ರ ಬರೆದುಕೊಳ್ಳುತ್ತಿದ್ದಳು.

ಆವನಿಯ ಆಚೆಗಿನ ಒಂದು ಹಳ್ಳಿಯ ಹುಡುಗಿ ಅವಳು. ಮನೆಯಲ್ಲಿ ರಾಗಿ, ಹಿಪ್ಪುನೇರಳೆ, ರೇಷ್ಮೆ ಹುಳು. ಆರ್ಟ್ಸ್ ವಿಭಾಗ ಭರ್ತಿಯಾಗಿದ್ದರಿಂದ ಸೈನ್ಸಿಗೆ ಬಂದವಳು, ಅದನ್ನು ಅವಳೇ ಹೇಳಿದ್ದಳು. ಅಂದು ಬೆಲ್ ಹೊಡೆದ ಮೇಲೆ ನನ್ನ ಮೇಜಿನ ಹತ್ತಿರ ಬಂದು, “ಆ ಸಮೀಕರಣ ಸರಿಯಾಗಿ ಕಾಣಿಸ್ಲಿಲ್ಲ ಮೇಡಂ, ಬರ್ದು ಕೊಡ್ತೀರಾ?” ಅಂದಳು. ಅವಳ ನೋಟ್‌ಬುಕ್ಕಿನಲ್ಲಿ ನನ್ನ ಪೆನ್ನಿನಿಂದಲೇ ಬರೆದುಕೊಟ್ಟೆ.

ಎರಡು ದಿನ ಬಿಟ್ಟು ಅವಳು ಒಂದು ಕಾಗದದ ಪೊಟ್ಟಣ ತಂದಳು. ಒಳಗೆ ಒಂದು ನಿಂಬೆಹಣ್ಣು. ಅದಕ್ಕೆ ಪೊರಕೆ ಕಡ್ಡಿ ಚುಚ್ಚಿ ಮೂರು ರೇಷ್ಮೆಗೂಡು ಸಿಕ್ಕಿಸಿದ್ದಳು.

“ನಿಂಬೆಹಣ್ಣು ಕ್ಸೆನಾನು. ಗೂಡೆಲ್ಲ ಆಕ್ಸಿಜನ್ನು. ಮೇಲ್ಗಡೆ ಖಾಲಿ ಬಿಟ್ಟಿದೀನಿ ಮೇಡಂ, ಅಲ್ಲಿ ಜೋಡಿ ಎಲೆಕ್ಟ್ರಾನು ಕೂತಿರ್ತವಲ್ಲ, ಅದಕ್ಕೆ.”

ಅಷ್ಟು ಸರಿಯಾದ ಮಾದರಿಯನ್ನು ನಾನು ಎಂ.ಎಸ್ಸಿ.ಯಲ್ಲೂ ನೋಡಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ನೋಡಿ ಅವರವರ ಕೆಲಸಕ್ಕೆ ಹೋದರು. ನಿಂಬೆಹಣ್ಣು ಕೊಳೆಯುವ ತನಕ ನನ್ನ ಡ್ರಾಯರಿನಲ್ಲೇ ಇತ್ತು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಅವಳು ಕೇಳಿದಳು: “ಜಡಾನಿಲಗಳು ಯಾಕೆ ಸಂಯುಕ್ತ ಆಗಲ್ಲ ಅಂತ ಪ್ರತಿ ವರ್ಷ ಕೇಳ್ತಾರೆ. ಬಂದ್ರೆ ಏನ್ ಬರೀಲಿ ಮೇಡಂ? ಪುಸ್ತಕದ್ದಾ, ನೀವ್ ಹೇಳಿದ್ದಾ?”

“ಯಾವ್ದು ನಿಜಾನೋ ಅದನ್ನ ಬರಿ.”

ಹೇಳಿ ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ದಾರಿಯುದ್ದಕ್ಕೂ ನನ್ನ ಉತ್ತರದ ಬಗ್ಗೆ ನನಗೇ ಹೆಮ್ಮೆಯಾಗಿತ್ತು. ಪರೀಕ್ಷೆ ಬರೆಯಬೇಕಾದವಳು ನಾನಾಗಿರಲಿಲ್ಲವಲ್ಲ.

ಪ್ರಶ್ನೆ ಬಂತು. ಐದು ಅಂಕಕ್ಕೆ.

ಆ ವರ್ಷ ನನ್ನನ್ನೂ ಮೌಲ್ಯಮಾಪನಕ್ಕೆ ಕರೆದಿದ್ದರು. ಕೋಲಾರದ ಒಂದು ದೊಡ್ಡ ಹಾಲ್, ಉದ್ದುದ್ದ ಬೆಂಚು, ಮೇಲೆ ಕಿರುಗುಟ್ಟುವ ಫ್ಯಾನು. ನಮ್ಮ ಕಡೆಯ ಪತ್ರಿಕೆ ನಮ್ಮ ಕಡೆ ಬರಬಾರದೆಂಬ ನಿಯಮವಿತ್ತು, ಆದರೆ ಕಟ್ಟುಗಳು ಕೆಲವೊಮ್ಮೆ ಅದಲುಬದಲಾಗುತ್ತಿದ್ದವು. ಮುಖ್ಯ ಪರೀಕ್ಷಕರು ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರು. ಮೊದಲ ದಿನವೇ ಮಾದರಿ ಉತ್ತರ ಓದಿ ಹೇಳಿದ್ದರು: ಹೊರಕವಚ ತುಂಬಿದೆ ಎಂದು ಬರೆದರೆ ಮೂರು, ಆದ್ದರಿಂದ ಸಂಯುಕ್ತವಿಲ್ಲ ಎಂದರೆ ಎರಡು. ಯಾರಿಗಾದರೂ ಸಂದೇಹವೇ ಎಂದೂ ಕೇಳಿದ್ದರು. ನಾನು ಎದ್ದು ನಿಲ್ಲಬೇಕು ಅಂದುಕೊಂಡು ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವರು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದರು.

ಮೂರನೆಯ ದಿನ ನನ್ನ ಮುಂದಿನ ಬೆಂಚಿನ ಉಪನ್ಯಾಸಕರೊಬ್ಬರು ಒಂದು ಪತ್ರಿಕೆ ಎತ್ತಿ ಹಿಡಿದು, “ಕೇಳಿ ಇಲ್ಲಿ, ಒಳ್ಳೆ ತಮಾಷೆ ಇದೆ” ಎಂದು ಗಟ್ಟಿಯಾಗಿ ಓದಿದರು. “‘ಈ ಪ್ರಶ್ನೆಯಲ್ಲಿ ತಪ್ಪಿದೆ. ಕ್ಸೆನಾನ್ ಆಕ್ಸಿಜನ್ ಜೊತೆ ಸೇರುತ್ತದೆ. ಕ್ಸೆನಾನ್ ಟ್ರೈಆಕ್ಸೈಡ್ ಬಿಳಿ ಹರಳು, ಒಣಗಿದರೆ ಸಿಡಿಯುತ್ತದೆ.’ ಪಟಾಕಿ ಅಂಗಡಿಯೋರ ಮನೆ ಮಗು ಇರ್ಬೇಕು.”

ಹಾಲ್ ನಕ್ಕಿತು. ಅವರು ಪುಟ ತಿರುಗಿಸಿ ಚಿತ್ರವನ್ನೂ ತೋರಿಸಿದರು. ಎಲ್ಲರೂ ಆಕ್ಸಿಜನ್ನನ್ನು ಗುಂಡಗೆ ಬರೆಯುತ್ತಾರೆ. ಆ ಚಿತ್ರದಲ್ಲಿ ಮೂರು ಆಕ್ಸಿಜನ್ನುಗಳೂ ಉದ್ದುದ್ದಕ್ಕೆ, ನಡುವೆ ಸ್ವಲ್ಪ ಚಿಕ್ಕದಾಗಿ, ರೇಷ್ಮೆಗೂಡಿನ ಹಾಗೆ ಇದ್ದವು. ಯಾರದೆಂದು ನನಗೆ ಆ ಕ್ಷಣವೇ ಗೊತ್ತಾಯಿತು.

ನಾನೂ ನಕ್ಕೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ತುಟಿ ಅರಳಿಸಿದ್ದಷ್ಟೇ ಅಲ್ಲ, ಪಕ್ಕದವರಿಗೆ ಕೇಳಿಸುವ ಹಾಗೆ ನಕ್ಕೆ.

ಗಲಾಟೆ ಕೇಳಿ ಮುಖ್ಯ ಪರೀಕ್ಷಕರು ಬಂದರು. ಪತ್ರಿಕೆ ತೆಗೆದುಕೊಂಡು ಪೂರ್ತಿ ಓದಿದರು. ಅವರು ನಗಲಿಲ್ಲ. ಕನ್ನಡಕ ತೆಗೆದು ನನ್ನ ಕಡೆ ತಿರುಗಿ, “ನೀವು ಈಚೆಗೆ ಎಂ.ಎಸ್ಸಿ. ಮಾಡಿದೋರು. ಇಂಥದ್ದೇನಾದ್ರೂ ಇದೆಯೇನಮ್ಮಾ?” ಅಂದರು.

ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ಹೌದು ಸರ್, ಇದೆ, ಈ ಹುಡುಗಿ ಬರೆದಿರೋದೆಲ್ಲ ಸರಿ ಅಂದಿದ್ದರೆ ಕೇಳುತ್ತಿದ್ದರೇನೋ. ಆದರೆ ನಲವತ್ತು ಜನ ಈಗಷ್ಟೇ ನಕ್ಕಿದ್ದರು, ಅವರ ಜೊತೆ ನಾನೂ ನಕ್ಕಿದ್ದೆ.

“ಎಲ್ಲೋ ಓದಿದ ಹಾಗೆ ನೆನಪು ಸರ್. ಪಠ್ಯದಲ್ಲಿಲ್ಲ.”

“ಪಠ್ಯದಲ್ಲಿಲ್ಲ ಅಂದ್ಮೇಲೆ ನಾವು ಕೊಡೋಕಾಗಲ್ಲ” ಎಂದು ಅವರು ಪತ್ರಿಕೆ ವಾಪಸು ಕೊಟ್ಟರು. ಮುಂದಿನ ಬೆಂಚಿನವರು ಕೆಂಪು ಶಾಯಿಯಲ್ಲಿ ಸೊನ್ನೆ ಬರೆದು ಸುತ್ತ ಒಂದು ಗೆರೆ ಎಳೆದರು.

ರಸಾಯನಶಾಸ್ತ್ರದಲ್ಲಿ ಅವಳು ಮೂರು ಅಂಕದಿಂದ ನಪಾಸಾದಳು. ಉಳಿದೆಲ್ಲದರಲ್ಲೂ ಪಾಸು. ಫಲಿತಾಂಶ ಬಂದ ವಾರವೇ ಅವಳ ತಂದೆ ಅವಳನ್ನು ಕರೆದುಕೊಂಡು ಕಾಲೇಜಿಗೆ ಬಂದರು. ಪ್ರಿನ್ಸಿಪಾಲರು ನನಗೆ ಹೇಳಿಕಳಿಸಿದರು. ಅವರ ಮೇಜಿನ ಮೇಲೆ ಆ ಜೂನ್‌ನ ಕಾಗದಗಳ ಕಟ್ಟು ಇತ್ತು, ನನ್ನದೂ ಅದರಲ್ಲೇ ಇದ್ದಿರಬೇಕು.

ತಂದೆ ಟವೆಲ್ಲನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು. “ಮೇಡಂ ಹೇಳ್ಕೊಟ್ಟಿದ್ದೇ ಬರ್ದೆ ಅಂತಾಳೆ ಸಾರ್ ನಮ್ಮಮ್ಮಾಯಿ. ಅದು ತಪ್ಪಾದ್ರೆ ತಪ್ಪು ಅನ್ರಿ, ಕರ್ಕೊಂಡು ಹೋಗ್ತೀನಿ. ಸರಿ ಆದ್ರೆ ಮೇಲಕ್ಕೆ ಒಂದ್ ಮಾತು ಬರ್ದು ಕೊಡ್ರಿ.”

ಪ್ರಿನ್ಸಿಪಾಲರು ನನ್ನನ್ನು ನೋಡಿದರು. “ಪಠ್ಯದಲ್ಲಿ ಇಲ್ದಿರೋದನ್ನ ಪಾಠ ಮಾಡಿದೀರಾ?”

ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಎದೆಗೆ ನೋಟ್‌ಬುಕ್ ಅವುಚಿಕೊಂಡು, ಒಂದು ಪುಟದೊಳಗೆ ಹೆಬ್ಬೆರಳು ಇಟ್ಟುಕೊಂಡಿದ್ದಳು. ಯಾವ ಪುಟವೆಂದು ನನಗೆ ಗೊತ್ತಿತ್ತು.

“ಇಲ್ಲ ಸರ್. ಪುಸ್ತಕದಲ್ಲಿ ಇರೋದಷ್ಟೇ. ಎಲ್ಲೋ ಲೈಬ್ರರಿಯಲ್ಲಿ ಓದಿರ್ಬೇಕು.”

ನಮ್ಮ ಲೈಬ್ರರಿಯಲ್ಲಿ ಅಂಥ ಪುಸ್ತಕ ಒಂದೂ ಇರಲಿಲ್ಲ. ಅದು ಪ್ರಿನ್ಸಿಪಾಲರಿಗೂ ಗೊತ್ತಿತ್ತು. ಅವರು ಪೆನ್ನಿನ ಮುಚ್ಚಳ ಹಾಕಿದರು. ತಂದೆ ಮಗಳ ಕಡೆ ತಿರುಗಿದರು. ಅವಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಪುಟದಿಂದ ಬೆರಳು ಹೊರಗೆ ತೆಗೆದಳು.

“ಹೋಗೋಣ ನಾಯ್ನಾ” ಎಂದು ತಂದೆಗೆ ಹೇಳಿದಳು.

ನಾನು ಅವರ ಹಿಂದೆ ಹೋಗಲಿಲ್ಲ. ನನ್ನ ಕಾಗದಕ್ಕೆ ಸಹಿ ಬಿತ್ತು. ಅಕ್ಟೋಬರಿನಲ್ಲಿ ಮರುಪರೀಕ್ಷೆ ಇತ್ತು. ಅವಳ ಊರಿನ ಕಡೆಯ ಇನ್ನೊಬ್ಬ ವಿದ್ಯಾರ್ಥಿನಿಯ ಕೈಲಿ, ‘ಪುಸ್ತಕದಲ್ಲಿರೋದನ್ನೇ ಬರೀಲಿ, ಖಂಡಿತ ಪಾಸಾಗ್ತಾಳೆ’ ಎಂದು ಹೇಳಿಕಳಿಸಿದೆ. ಅವಳು ಪರೀಕ್ಷೆಗೆ ಕೂರಲಿಲ್ಲ.

ಎಂಬತ್ತರ ದಶಕದಲ್ಲಿ ನನ್ನ ಕೆಲಸ ಕಾಯಂ ಆಯಿತು, ಶ್ರೀನಿವಾಸಪುರಕ್ಕೆ ವರ್ಗವಾಯಿತು. ಅಲ್ಲಿದ್ದಾಗಲೇ ಹೊಸ ಪಠ್ಯಪುಸ್ತಕ ಬಂತು. ಕಟ್ಟು ಬಿಚ್ಚಿ ಮೊದಲು ಆ ಅಧ್ಯಾಯವನ್ನೇ ತೆಗೆದೆ. ತಲೆಬರಹ ಬದಲಾಗಿತ್ತು, ‘ರಾಜಾನಿಲಗಳು’. ಕ್ಸೆನಾನ್ ಟ್ರೈಆಕ್ಸೈಡಿಗೆ ಅರ್ಧ ಪುಟ, ಪಕ್ಕದಲ್ಲಿ ಚಿತ್ರ. ಅದೇ ವರ್ಷ ‘ಕ್ಸೆನಾನ್ ಟ್ರೈಆಕ್ಸೈಡನ್ನು ತಯಾರಿಸುವ ಬಗೆ ಮತ್ತು ಅದರ ರಚನೆ ಬರೆಯಿರಿ’ ಎಂಬ ಪ್ರಶ್ನೆಯೂ ಬಂತು. ಮೌಲ್ಯಮಾಪನದಲ್ಲಿ ಕುಳಿತು ನಾನು ಗಂಟೆಗಟ್ಟಲೆ ಅದಕ್ಕೆ ಐದಕ್ಕೈದು ಕೊಟ್ಟೆ. ಗಿಳಿಪಾಠ ಮಾಡಿದವರಿಗೂ ಕೊಟ್ಟೆ, ಚಿತ್ರವನ್ನು ತಲೆಕೆಳಗಾಗಿ ಬರೆದವರಿಗೂ ಕೊಟ್ಟೆ. ಕೈ ನೋಯುತ್ತಿತ್ತು.

ಆ ಹುಡುಗಿ ಮಾಲೂರಿನಲ್ಲಿದ್ದಾಳೆಂದು ಆವನಿಯ ಬಸ್ಸಿನಲ್ಲಿ ಸಿಕ್ಕ ಅವಳ ಊರಿನವರು ಹೇಳಿದರು. ಮದುವೆಯಾಗಿ ಅಲ್ಲಿಗೆ ಹೋಗಿದ್ದಳು, ಒಂದು ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ಒಂದು ಶನಿವಾರ ಹೊಸ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೋದೆ.

ಸುಡುವ ಗೂಡಿನಿಂದ ಹೊರಬಂದ ಹೆಂಚಿನ ರಾಶಿಯ ಪಕ್ಕದಲ್ಲಿ ಅವಳು ಕೂತಿದ್ದಳು. ಒಂದೊಂದೇ ಹೆಂಚು ಎತ್ತಿ, ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ, ಸದ್ದು ಕೇಳಿ, ಸರಿಯಿದ್ದದ್ದನ್ನು ಬಲಕ್ಕೂ ಬಿರುಕಿದ್ದದ್ದನ್ನು ಎಡಕ್ಕೂ ಇಡುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

“ಮೇಡಂ. ಇಷ್ಟ್ ದೂರ?”

ನಾನು ಪುಸ್ತಕ ತೆರೆದು ಆ ಪುಟ ಕೊಟ್ಟೆ. ಸೀರೆಗೆ ಕೈ ಒರೆಸಿಕೊಂಡು ಈಸಿಕೊಂಡಳು. ಆತುರವಿಲ್ಲದೆ ಕೊನೆಯ ಸಾಲಿನವರೆಗೂ ಓದಿದಳು.

“ಸರಿಯಾಗಿ ಹಾಕಿದಾರೆ” ಎಂದು ಪುಸ್ತಕ ಮುಚ್ಚಿ ನನ್ನ ಕಡೆ ಚಾಚಿದಳು.

“ಇಟ್ಕೊ. ನಿಂಗೇ ತಂದಿದ್ದು.”

“ನಂಗ್ಯಾಕೆ ಮೇಡಂ? ನಿಜ ಅಂತ ನಂಗೆ ಆವತ್ತೇ ಗೊತ್ತಿತ್ತು. ಗೊತ್ತಿಲ್ದೋರ್ಗೆ ಕೊಡಿ.”

ನಾನು ತಪ್ಪಾಯಿತು ಅಂದೆ. ಕೆಲಸ ಹೋಗುವ ಭಯವಿತ್ತು ಅಂದೆ. ಅವಳು ಹೂಂಗುಟ್ಟುತ್ತಾ ಕೇಳಿಸಿಕೊಂಡಳು. ನಾನು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕೇಳದೆ ಇರಲಾಗಲಿಲ್ಲ. “ಅವತ್ತು ನೋಟ್ಸ್ ತೆಗೆದು ಪ್ರಿನ್ಸಿಪಾಲರಿಗೆ ಯಾಕೆ ತೋರಿಸಲಿಲ್ಲ? ನನ್ನ ಅಕ್ಷರ ಇತ್ತಲ್ಲ ಅದರಲ್ಲಿ.”

“ನೀವೇ ಹೇಳ್ತೀರ ಅಂತ ಕಾಯ್ತಿದ್ದೆ” ಅಂದಳು. ಇನ್ನೊಂದು ಹೆಂಚು ಎತ್ತಿಕೊಂಡು, ತಟ್ಟದೆ, ತೊಡೆಯ ಮೇಲಿಟ್ಟುಕೊಂಡಳು. “ಅದಕ್ಕೂ ಬೇಜಾರ್ ಮಾಡ್ಕೊಳ್ಲಿಲ್ಲ ಮೇಡಂ. ಹೆದ್ರಿದಾರೆ, ಪಾಪ ಅನ್ಕೊಂಡೆ. ಆಮೇಲ್ ಹೇಳ್ಕಳ್ಸಿದ್ರಲ್ಲ, ಪುಸ್ತಕದ್ದು ಬರ್ದು ಪಾಸಾಗು ಅಂತ. ನಿಜ ಬರಿ ಅಂದೋರೂ ನೀವೇ, ಸುಳ್ಳು ಬರಿ ಅಂದೋರೂ ನೀವೇ. ಆವತ್ತು ಪುಸ್ತಕ ಎತ್ತಿಟ್ಟೆ.”

ಕೋಲಾರದ ಹಾಲ್, ಮುಂದಿನ ಬೆಂಚು, ಮುಖ್ಯ ಪರೀಕ್ಷಕರು ನನ್ನನ್ನೇ ಕೇಳಿದ್ದು, ನಾನು ನಕ್ಕಿದ್ದು, ಇವು ಯಾವುವೂ ಅವಳಿಗೆ ಗೊತ್ತಿರಲಿಲ್ಲ. ಅದನ್ನು ಹೇಳಬೇಕೆಂದೇ ಬಸ್ಸು ಹತ್ತಿದ್ದೆ. ಮೇಸ್ತ್ರಿ ದೂರದಿಂದ ಏನೋ ಕೂಗಿದ. ಅವಳು “ಬಂದೆ” ಎಂದು ಎದ್ದಳು.

“ಟೀ ಕುಡ್ಕೊಂಡು ಹೋಗಿ ಮೇಡಂ, ಗೇಟ್ ಹತ್ರ ಇದೆ. ನಾನ್ ಬರೋಕಾಗಲ್ಲ.”

ಹೇಳದೆ ಹಿಂದಿರುಗಿದೆ. ಟೀ ಕುಡಿಯಲಿಲ್ಲ. ಅವಳಿಗೆ ನೋವಾಗಬಾರದೆಂದು ಹೇಳಲಿಲ್ಲ ಎಂದು ಬಸ್ಸಿನಲ್ಲಿ ನನಗೆ ನಾನೇ ಅಂದುಕೊಂಡೆ. ಮಾಲೂರು ದಾಟುವಷ್ಟರಲ್ಲಿ ಅದೂ ಸುಳ್ಳೆಂದು ಗೊತ್ತಾಯಿತು.

ಆ ಭೇಟಿ ನನ್ನನ್ನು ಬದಲಾಯಿಸಿತು ಎಂದು ಬರೆಯಬಹುದಿತ್ತು. ಮರುವರ್ಷ ಶ್ರೀನಿವಾಸಪುರದಲ್ಲಿ ಅದೇ ಪಾಠ ಮಾಡುತ್ತಿದ್ದಾಗ ಹಿಂದಿನ ಸಾಲಿನ ಒಬ್ಬಳು ಎದ್ದು ನಿಂತು, “ಕ್ಸೆನಾನ್ ಸೇರುತ್ತೆ ಅಂದ್ರೆ ಕ್ರಿಪ್ಟಾನೂ ಆಕ್ಸಿಜನ್ ಜೊತೆ ಸೇರ್ಬೇಕಲ್ವಾ ಮೇಡಂ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ, ಹುಡುಕಿ ನೋಡೋಣ ಅಂದಿದ್ದರೆ ಸಾಕಿತ್ತು.

“ಅದು ಸಿಲಬಸ್ಸಿನಲ್ಲಿಲ್ಲ. ಕೂತ್ಕೊ” ಅಂದೆ.

ಅವಳು ಕೂತಳು. ನಾನು ಮುಂದಿನ ಪ್ಯಾರಾ ಓದಿದೆ.